ಸ್ಟಾರ್ಟರ್ ಕಿಟ್‌ನಲ್ಲಿ ಕೆಟ್ಟ ಬಣ್ಣ, ಮತ್ತು ನೀವು ಕೊಟ್ಟ ಉತ್ತರ

ಕುಂಜಿಬೆಟ್ಟು, ಉಡುಪಿ
ಜುಲೈ 14

ಗ್ರಾಹಕ ದೂರು ವಿಭಾಗದ ಅಧಿಕಾರಿಗಳಿಗೆ,

ವಿಷಯ: ಮಿನಿಯೇಚರ್ ಪೇಂಟಿಂಗ್ ಕಿಟ್‌ನ ಎರಡು ಬಣ್ಣ ಮತ್ತು ಬ್ರಷ್ ಹಾಳಾಗಿರುವ ಬಗ್ಗೆ

ಮಾನ್ಯರೇ,

ಜೂನ್ ಕೊನೆಯಲ್ಲಿ ನಿಮ್ಮ ವೆಬ್‌ಸೈಟ್‌ನಿಂದ 2,450 ರೂಪಾಯಿಗೆ ಹೊಸಬರ ಕಿಟ್ ತರಿಸಿದ್ದೆ. 28 ಮಿಲಿಮೀಟರ್ ಅಳತೆಯ, ರೆಸಿನ್ ಎಂಬ ಪ್ಲಾಸ್ಟಿಕ್‌ನಂಥ ವಸ್ತುವಿನ ಒಂದು ಯೋಧನ ಗೊಂಬೆ, ನೀರಿನಲ್ಲಿ ಬೆರೆಯುವ ಆರು ಅಕ್ರಿಲಿಕ್ ಬಣ್ಣ, ಬಣ್ಣಕ್ಕೆ ಮೊದಲು ಹಚ್ಚುವ ಬೂದು ಪ್ರೈಮರ್, ಸಂದುಗಳಲ್ಲಿ ನೆರಳು ಮೂಡಿಸುವ ತೆಳು ಬಣ್ಣವಾದ ಶೇಡ್ ವಾಶ್, ಎರಡು ಬ್ರಷ್. ನಾನಾಗಲಿ, ಎಂಟನೇ ಕ್ಲಾಸಿನಲ್ಲಿ ಓದುವ ಅಕ್ಕನ ಮಗನಾಗಲಿ ಈ ಮೊದಲು ಇಂಥ ಗೊಂಬೆಗೆ ಬಣ್ಣ ಹಚ್ಚಿದವರಲ್ಲ. ಅದಕ್ಕೇ ಹೊಸಬರ ಕಿಟ್ ಆರಿಸಿದ್ದು.

ಇದರಲ್ಲಿ ಕೆಂಪು ಮತ್ತು ಬಿಳಿ ಬಣ್ಣ ಬರುವಾಗಲೇ ಕೆಟ್ಟಿದ್ದವು. ಫೋಟೋ ಸಮೇತ ನಿಮಗೆ ಮೇಲ್ ಮಾಡಿದೆ. ಬಂದ ಉತ್ತರ ಇಷ್ಟು: ಕರಾವಳಿಯಲ್ಲಿ ಮಳೆಗಾಲದ ತೇವಾಂಶ ಜಾಸ್ತಿ, ಮೊದಲ ಗೊಂಬೆ ಯಾರಿಗೂ ಸರಿ ಬರುವುದಿಲ್ಲ, ಬಣ್ಣಕ್ಕೆ ಸ್ವಲ್ಪ ನೀರು ಬೆರೆಸಿ ಅಭ್ಯಾಸ ಮುಂದುವರಿಸಿ. ಈ ಉತ್ತರ ನನಗೆ ಒಪ್ಪಿಗೆಯಿಲ್ಲ. ಯಾಕೆಂದು ಬಿಡಿಸಿ ಹೇಳುತ್ತೇನೆ, ದಯವಿಟ್ಟು ಪೂರ್ತಿ ಓದಿ.

ಕೆಂಪು ಬಣ್ಣದ ಡಬ್ಬಿ ತೆರೆದಾಗ ಮೇಲೆ ಅಂಟಂಟಾದ ತಿಳಿ ನೀರು ನಿಂತಿತ್ತು. ಅಡಿಯಲ್ಲಿ ರಬ್ಬರ್‌ನಂಥ ಗಂಟು. ಬಣ್ಣ ತಳಕ್ಕೆ ಇಳಿಯುವುದು ಸಹಜ, ಚೆನ್ನಾಗಿ ಅಲುಗಾಡಿಸಿದರೆ ಬೆರೆಯುತ್ತದೆ ಎಂದು ನಿಮ್ಮ ಕೈಪಿಡಿಯಲ್ಲೇ ಇದೆ. ಅಲುಗಾಡಿಸಿದೆವು. ಟೂತ್‌ಪಿಕ್ ಹಾಕಿ ಕಲಕಿದೆವು. ಗಂಟು ಒಡೆದು ಸಣ್ಣ ಚೂರಾಯಿತೇ ಹೊರತು ಕರಗಲಿಲ್ಲ. ಕೈಪಿಡಿಯಲ್ಲಿ ಹೇಳಿದಂತೆ ನೀರು ಬೆರೆಸಿ ಹಾಲಿನ ಹದಕ್ಕೆ ತಂದು ಯೋಧನ ಮೇಲಂಗಿಗೆ ಹಚ್ಚಿದರೆ ನೀರು ಒಂದು ಕಡೆ ಹರಿದು ಮಡಿಕೆಗಳಲ್ಲಿ ನಿಂತಿತು. ಚೂರುಗಳು ಬಟ್ಟೆಯ ಮೇಲೆ ಮರಳಿನ ಹಾಗೆ ಕೂತವು. ಬಿಳಿ ಬಣ್ಣದ್ದೂ ಇದೇ ಕಥೆ, ಮುಖದ ಮೇಲೆ. ಈ ಗಾತ್ರದ ಗೊಂಬೆಯಲ್ಲಿ ಮುಖ ಅಂದರೆ ಕೆಲವೇ ಮಿಲಿಮೀಟರ್. ಅಲ್ಲಿ ಒಂದು ಚೂರು ಕೂತರೆ ಕಣ್ಣು ಇರಬೇಕಾದ ಜಾಗವೇ ಮುಚ್ಚಿಹೋಗುತ್ತದೆ.

ಅಕ್ಕನ ಮಗ ಬ್ರಷ್ ಕೆಳಗಿಟ್ಟು, 'ಮಾಮ, ನನಗೆ ಕೈ ನಡುಗುತ್ತದೆ, ನನ್ನಿಂದ ಆಗುವುದಿಲ್ಲ' ಎಂದ. ನನಗೆ ಸಿಟ್ಟು ಬಂದದ್ದು ಅಲ್ಲಿ. ಪಳಗಿದವರಾಗಿದ್ದರೆ ಡಬ್ಬಿ ತೆರೆದ ತಕ್ಷಣ ವಾಪಸ್ ಕಳಿಸುತ್ತಿದ್ದರು. ಹೊಸಬರಿಗೆ ಒಳ್ಳೆಯ ಬಣ್ಣ ಹೇಗಿರುತ್ತದೆ ಎಂದೇ ಗೊತ್ತಿರುವುದಿಲ್ಲ. ತಪ್ಪು ತಮ್ಮ ಕೈಯದ್ದೇ ಎಂದುಕೊಂಡು ಕಿಟ್ ಅಟ್ಟಕ್ಕೆ ಹಾಕಿ ಸುಮ್ಮನಾಗುತ್ತಾರೆ. ಅಂಥವರಿಗೆ 'ಅಭ್ಯಾಸ ಮಾಡಿ' ಎಂದು ಬರೆದು ಕೈತೊಳೆದುಕೊಳ್ಳುವುದು ಸರಿಯಲ್ಲ.

ಇನ್ನು ತೇವಾಂಶದ ಮಾತು. ಉಡುಪಿಯ ಜುಲೈ ಮಳೆ ನಮಗೆ ಹೊಸದಲ್ಲ, ಬಟ್ಟೆ ಒಣಗುವುದಿಲ್ಲ, ಉಪ್ಪು ನೀರಾಗುತ್ತದೆ. ಆದರೆ ತೇವಾಂಶದಿಂದ ತೊಂದರೆಯಾಗುವುದು ಮುಖ್ಯವಾಗಿ ಸ್ಪ್ರೇ ಪ್ರೈಮರ್‌ಗೆ, ಅದು ಪುಡಿಪುಡಿಯಾಗಿ ಕೂರಬಹುದು. ನಿಮ್ಮ ಕಿಟ್‌ನಲ್ಲಿ ಸ್ಪ್ರೇ ಇಲ್ಲವೇ ಇಲ್ಲ, ಬ್ರಷ್‌ನಲ್ಲಿ ಹಚ್ಚುವ ಪ್ರೈಮರ್ ಇದೆ. ಅದು ಚೆನ್ನಾಗಿಯೇ ಕೂತಿತು. ಗಾಳಿ ಒದ್ದೆ ಇದ್ದರೆ ನೀರಿನ ಬಣ್ಣ ಒಣಗುವುದು ತಡವಾಗುತ್ತದೆ, ನಿಜ. ಆದರೆ ಅದರಿಂದ ಮುಚ್ಚಿದ ಡಬ್ಬಿಯೊಳಗಿನ ಬಣ್ಣ ಗಟ್ಟಿಯಾಗುವುದಿಲ್ಲ. ಅಕ್ರಿಲಿಕ್ ಗಟ್ಟಿಯಾಗುವುದು ಅದರಲ್ಲಿನ ನೀರು ಆರಿಹೋದಾಗ. ಒಮ್ಮೆ ಹಾಗಾದರೆ ಮತ್ತೆ ಎಷ್ಟು ನೀರು ಹಾಕಿದರೂ ಮೊದಲಿನಂತೆ ಆಗುವುದಿಲ್ಲ. ಬಣ್ಣ ಮಾರುವ ನಿಮಗೆ ಇದು ಗೊತ್ತಿಲ್ಲದ್ದೇನಲ್ಲ, ಅಲ್ವಾ?

ಅನುಮಾನ ಉಳಿಯಬಾರದೆಂದು ಒಂದು ಪರೀಕ್ಷೆಯನ್ನೂ ಮಾಡಿದೆವು. ಒಂದೇ ಸಂಜೆ, ಒಂದೇ ಬ್ರಷ್, ಒಂದೇ ನೀರು. ಬಿಳಿ ಟೈಲ್ಸ್ ತುಂಡಿನ ಮೇಲೆ ಆರೂ ಬಣ್ಣದ ಗೆರೆ ಎಳೆದೆವು. ನೀಲಿ, ಕಪ್ಪು, ಕಂದು, ಬೆಳ್ಳಿ ನಾಲ್ಕೂ ನುಣ್ಣಗೆ ಬಂದವು. ಕೆಂಪು, ಬಿಳಿ ಮಾತ್ರ ತರಿತರಿ. ಊರಿನ ಗಾಳಿ ಎರಡು ಡಬ್ಬಿಗೆ ಮಾತ್ರ ತಾಗುತ್ತದೆಯೇ? ಯಕ್ಷಗಾನ ಮೇಳದಲ್ಲಿ ವೇಷ ಮಾಡಿ ವರ್ಷಗಟ್ಟಲೆ ಮುಖಕ್ಕೆ ಬಣ್ಣ ಬರೆದುಕೊಂಡ ನಮ್ಮ ದೊಡ್ಡಪ್ಪ ಆ ಕೆಂಪನ್ನು ಬೆರಳ ತುದಿಯಲ್ಲಿ ಉಜ್ಜಿ ನೋಡಿದರು. 'ಹುಡುಗನ ಕೈಗೆ ಏನೂ ಆಗಿಲ್ಲ ಮಾರಾಯ, ಬಣ್ಣವೇ ಸತ್ತಿದೆ' ಎಂದರು.

ದಾರಿಯಲ್ಲಿ ಹಾಳಾಯಿತು ಎನ್ನುವಂತೆಯೂ ಇಲ್ಲ. ಎರಡೂ ಡಬ್ಬಿಗಳ ಮುಚ್ಚಳದ ಅಂಚು ಸೀಳಿದೆ, ಸುತ್ತ ಒಣಗಿದ ಬಣ್ಣದ ಪೊರೆ ಕಟ್ಟಿದೆ. ಕೆಳಗಿನ ಬಿಳಿ ಸ್ಪಂಜಿನ ಮೇಲೆ ಒಂದು ಕಲೆ ಇಲ್ಲ. ಕೊರಿಯರ್‌ನಲ್ಲಿ ಸೋರಿದ್ದರೆ ಸ್ಪಂಜು ಕೆಂಪಾಗಬೇಕಿತ್ತು. ಪೆಟ್ಟಿಗೆಗೆ ಹಾಕುವ ಮೊದಲೇ ಒಣಗಿತ್ತು ಎನ್ನಲು ಬೇರೆ ಸಾಕ್ಷಿ ಬೇಕಿಲ್ಲ.

ಇನ್ನೊಂದು ವಿಷಯಕ್ಕೆ ನಿಮ್ಮಿಂದ ಸ್ಪಷ್ಟ ಉತ್ತರ ಬೇಕು. ಪೆಟ್ಟಿಗೆಯ ಹಿಂದೆ ತಯಾರಾದ ತಿಂಗಳು, ವರ್ಷ ಇರುವ ಜಾಗದಲ್ಲಿ ಒಂದು ಸ್ಟಿಕ್ಕರ್ ಮೇಲೆ ಇನ್ನೊಂದು ಸ್ಟಿಕ್ಕರ್ ಅಂಟಿಸಿದ್ದೀರಿ. ಅದನ್ನು ನಾನು ಕಿತ್ತಿಲ್ಲ, ಫೋಟೋ ತೆಗೆದು ಹಾಗೇ ಇಟ್ಟಿದ್ದೇನೆ. ಪ್ಯಾಕ್ ಮಾಡಿದ ಸರಕಿನ ಮೇಲೆ ಈ ವಿವರ ಇರಲೇಬೇಕು ಎಂದು 2011ರ ಕಾನೂನು ಮಾಪನ ನಿಯಮಗಳು ಹೇಳುತ್ತವೆ. ಅಡಿಯ ಸ್ಟಿಕ್ಕರ್‌ನಲ್ಲಿ ಏನಿದೆ?

ಬ್ರಷ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಸೊನ್ನೆ ನಂಬರಿನ ಸಣ್ಣ ಬ್ರಷ್‌ನ ತುದಿ ಮೊದಲ ಬಾರಿ ತೊಳೆಯುವಷ್ಟರಲ್ಲೇ ಕೊಕ್ಕೆಯಂತೆ ಬಾಗಿತು, ಕೂದಲೂ ಉದುರುತ್ತಿದೆ. ಹಾಗೆಯೇ ರೆಸಿನ್ ಗೊಂಬೆಯ ಮೇಲೆ ಅಚ್ಚಿನ ಎಣ್ಣೆಯಂಶ ಉಳಿದಿರುತ್ತದೆ, ಪಾತ್ರೆ ತೊಳೆಯುವ ಸೋಪಿನ ನೀರಿನಲ್ಲಿ ತೊಳೆದು ಒಣಗಿಸಿಯೇ ಪ್ರೈಮರ್ ಹಚ್ಚಬೇಕು ಎಂಬ ಮಾತು ನಿಮ್ಮ ಕೈಪಿಡಿಯಲ್ಲಿ ಎಲ್ಲೂ ಇಲ್ಲ. ನನಗೆ ಪರಿಚಯದವರೊಬ್ಬರು ಮೊದಲೇ ಹೇಳಿದ್ದರಿಂದ ಬಚಾವಾದೆವು. ಎಲ್ಲರಿಗೂ ಹಾಗೆ ಹೇಳುವವರು ಇರುವುದಿಲ್ಲ.

ಗೊಂಬೆಯ ಬಗ್ಗೆ ನನ್ನ ದೂರಿಲ್ಲ. ತುಂಬಾ ಚೆನ್ನಾಗಿದೆ. ಸರಪಳಿ ಕವಚಕ್ಕೆ ಬೆಳ್ಳಿ ಬಣ್ಣ ಹಚ್ಚಿ ಮೇಲೆ ಶೇಡ್ ವಾಶ್ ಬಿಟ್ಟಾಗ ಅದು ತಾನಾಗಿಯೇ ಸಂದುಗಳಿಗೆ ಇಳಿದು ಒಂದೊಂದು ಕೊಂಡಿಯೂ ಬೇರೆ ಬೇರೆಯಾಗಿ ಎದ್ದು ಕಂಡಿತು. ಹುಡುಗ ಕುಣಿದುಬಿಟ್ಟ. ಈ ಹವ್ಯಾಸ ಎಷ್ಟು ಸೊಗಸಾದದ್ದು ಎಂದು ಆಗ ನಮಗೆ ಗೊತ್ತಾಯಿತು. ಅದಕ್ಕೇ ಸುಮ್ನೆ ಬಿಟ್ಟುಬಿಡಲು ಮನಸ್ಸಿಲ್ಲ.

ನಾನು ಕೇಳುವುದು ಇಷ್ಟೇ. ಕೆಂಪು, ಬಿಳಿ ಬಣ್ಣ ಮತ್ತು ಸೊನ್ನೆ ನಂಬರಿನ ಬ್ರಷ್ ಹೊಸದು ಕಳಿಸಿ. ಮುಖ ಮತ್ತು ಮೇಲಂಗಿ ಹಾಳಾದ ಈ ಗೊಂಬೆಗೆ ಬದಲಾಗಿ ಅದೇ ಗೊಂಬೆ ಇನ್ನೊಂದು ಕೊಡಿ. ಆಗದಿದ್ದರೆ ಪೂರ್ತಿ ಹಣ ವಾಪಸ್ ಮಾಡಿ, ಕಿಟ್ ತೆಗೆದುಕೊಂಡು ಹೋಗಿ. ಅದೇ ಬ್ಯಾಚಿನ ಉಳಿದ ಡಬ್ಬಿಗಳನ್ನು ಮಾರುವ ಮೊದಲು ತೆರೆದು ನೋಡಿ. ಮತ್ತು ತೇವಾಂಶ, ಅಭ್ಯಾಸ ಎಂದು ಬರೆದ ಆ ಉತ್ತರವನ್ನು ಹಿಂತೆಗೆದುಕೊಂಡು, ತಪ್ಪು ಬಣ್ಣದ್ದು ಎಂದು ಒಂದು ಸಾಲು ಬರೆದು ಕಳಿಸಿ. ಅದನ್ನು ಹುಡುಗನಿಗೆ ತೋರಿಸಬೇಕು.

2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ ದೂರು ತಲುಪಿದ್ದಕ್ಕೆ 48 ಗಂಟೆಯೊಳಗೆ ಸ್ವೀಕೃತಿ ಕೊಡಬೇಕು, ಒಂದು ತಿಂಗಳೊಳಗೆ ಪರಿಹರಿಸಬೇಕು. ಹಾಗಾಗದಿದ್ದರೆ 1915 ಗ್ರಾಹಕ ಸಹಾಯವಾಣಿಗೆ, ಆಮೇಲೆ ಉಡುಪಿಯ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗುತ್ತೇನೆ. ಗ್ರಾಹಕ ತಾನಿರುವ ಊರಿನಲ್ಲೇ ದೂರು ಕೊಡಲು 2019ರ ಕಾಯ್ದೆಯಲ್ಲಿ ಅವಕಾಶವಿದೆ.

ಬಿಲ್, ಡಬ್ಬಿ ಮತ್ತು ಸ್ಟಿಕ್ಕರ್‌ನ ಫೋಟೋ, ಟೈಲ್ಸ್ ಮೇಲಿನ ಗೆರೆಗಳ ಫೋಟೋ, ನಿಮ್ಮ ಮೇಲ್‌ನ ಪ್ರತಿ ಜೊತೆಗಿಟ್ಟಿದ್ದೇನೆ. ಡಬ್ಬಿಗಳನ್ನು ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿ ಇಟ್ಟಿದೆ, ಪರೀಕ್ಷೆಗೆ ಬೇಕಾದರೆ ಯಾರನ್ನಾದರೂ ಕಳಿಸಿ. ಸಂಜೆ ಐದರ ನಂತರ ಮನೆಯಲ್ಲಿ ಇರುತ್ತೇವೆ.

ಇಂತಿ,
ನಿಮ್ಮ ಗ್ರಾಹಕ