ದೂರು ಮುಗಿಸಿದ್ದೀರಿ, ಕೇಬಲ್ ಇನ್ನೂ ತುಂಡಾಗಿಯೇ ಇದೆ

ಇವರಿಗೆ,
ವ್ಯವಸ್ಥಾಪಕರು, ಗ್ರಾಹಕ ಸೇವಾ ವಿಭಾಗ,
ಕಲಬುರಗಿ ಕಚೇರಿ

ವಿಷಯ: ಜುಲೈ 11ರಿಂದ ಬಂದ್ ಆಗಿರುವ ಫೈಬರ್ ಇಂಟರ್ನೆಟ್ ಬಗ್ಗೆ

ಮಾನ್ಯರೇ,

ನಾನು ಚಿಂಚೋಳಿ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಆನ್‌ಲೈನ್ ಸೇವಾ ಕೇಂದ್ರ ನಡೆಸುತ್ತೇನೆ. ಪಹಣಿ, ಪಿಂಚಣಿ ಅರ್ಜಿ, ಮಕ್ಕಳ ಸ್ಕಾಲರ್‌ಶಿಪ್, ಬೆಳೆ ವಿಮೆ, ಎಲ್ಲವೂ ನೆಟ್ ಮೇಲೆ ನಡೆಯುವ ಕೆಲಸ. ಜುಲೈ 11ರಂದು ರಸ್ತೆ ಅಗಲ ಮಾಡುತ್ತಿದ್ದ ಜೆಸಿಬಿ ನಿಮ್ಮ ಕೇಬಲ್ ಕಿತ್ತು ಹಾಕಿತು. ಅವತ್ತಿನಿಂದ ನನ್ನ ಮೋಡೆಮ್‌ನಲ್ಲಿ ಕೆಂಪು ದೀಪ ಉರಿಯುತ್ತಿದೆ. ಇವತ್ತು ಆಗಸ್ಟ್ 6. ಊರಿನ ಇನ್ನೂ 18 ಮನೆಗಳಲ್ಲಿ ಇದೇ ಪಾಡು.

ಕೇಬಲ್ ತುಂಡಾಗಿದ್ದಕ್ಕೆ ನಿಮ್ಮನ್ನು ಬೈಯುವುದಿಲ್ಲ. ಜೆಸಿಬಿ ನಿಮ್ಮದಲ್ಲ. ತುಂಡಾದ ಮೇಲೆ ನೀವು ನಡೆದುಕೊಂಡ ರೀತಿಗೆ ಈ ಪತ್ರ.

ನಾನು 11 ಸಲ ಫೋನ್ ಮಾಡಿದ್ದೇನೆ. ಪ್ರತಿ ಸಲವೂ ಸಮಾಧಾನದಿಂದಲೇ ಮಾತಾಡಿದ್ದೇನೆ. ಡಾಕೆಟ್ ನಂಬರ್, ಅಂದರೆ ದೂರಿನ ನಂಬರ್ ಕೊಡುತ್ತೀರಿ. ಎರಡು ದಿನ ಬಿಟ್ಟು 'ನಿಮ್ಮ ದೂರು ಬಗೆಹರಿದಿದೆ' ಅಂತ ಮೆಸೇಜ್ ಬರುತ್ತದೆ. ಲೈನ್‌ಮ್ಯಾನ್ ಬಂದಿರುವುದಿಲ್ಲ, ಜಾಯಿಂಟ್ ಹಾಕಿರುವುದಿಲ್ಲ. ಮತ್ತೆ ಫೋನ್ ಮಾಡಿದರೆ ಹೊಸ ನಂಬರ್. ಹೀಗೆ ಒಂದೇ ತುಂಡಾದ ಕೇಬಲ್‌ಗೆ ನನ್ನ ಹತ್ತಿರ ಏಳು ನಂಬರ್ ಇವೆ. ಇದು ಯಾಕೆ ಅಂತ ನನಗೆ ಮೊದಲು ತಿಳಿಯಲಿಲ್ಲ. ಆಮೇಲೆ ತಿಳಿಯಿತು. ದೋಷ 15 ದಿನ ದಾಟಿದರೆ ಒಂದು ತಿಂಗಳ ಬಾಡಿಗೆ ಬಿಡಬೇಕು ಅನ್ನುವ ಟೆಲಿಕಾಂ ನಿಯಂತ್ರಣ ಪ್ರಾಧಿಕಾರದ (ಟ್ರಾಯ್) ನಿಯಮ ನಿಮಗೆ ಗೊತ್ತೇ ಇದೆ. ದೂರು ಮುಗಿಸಿ ಹೊಸದು ತೆಗೆದರೆ ದಿನಗಳ ಲೆಕ್ಕವೂ ಹೊಸದಾಗಿ ಶುರು ಆಗುತ್ತದೆ, ಅಲ್ವಾ? ಈ ತಿಂಗಳ ಬಿಲ್ ಮಾತ್ರ ಒಂದು ರೂಪಾಯಿ ಕಮ್ಮಿಯಾಗದೆ ಬಂದಿದೆ.

ಜುಲೈ 29ರಂದು ಮೊದಲ ಬಸ್ಸಿಗೆ ನಿಮ್ಮ ಕಚೇರಿಗೆ ಬಂದೆ. ಟೋಕನ್ ತೆಗೆದುಕೊಂಡು ಒಂದೂವರೆ ತಾಸು ಕುಳಿತೆ. ಎರಡನೇ ಕೌಂಟರ್‌ನಲ್ಲಿ ನಿಮ್ಮ ಹುಡುಗ ನನ್ನ ಫೈಲ್ ತೆಗೆದು ನೋಡಲೇ ಇಲ್ಲ.

"ಮೋಡೆಮ್ ಆಫ್ ಮಾಡಿ ಆನ್ ಮಾಡೀರೇನ್ರಿ?" ಅಂದರು.

"ಮಾಡೀನ್ರಿ. ಕೇಬಲ್ಲೇ ತುಂಡಾಗ್ಯದ್ರಿ" ಅಂದೆ.

"ಈಗ ಒಂದ್ಸಲ ಮಾಡ್ರಿ."

ಮೋಡೆಮ್ ಊರಲ್ಲಿದೆ ಅಂದೆ. ಮನೆಗೆ ಫೋನ್ ಹಚ್ಚಿ, ಸ್ಪೀಕರ್ ಹಾಕಿ ಅಂದರು. ಹಚ್ಚಿದೆ. ನಮ್ಮ ಅತ್ತೆ ಎತ್ತಿದರು. ಅವರಿಗೆ ಅರವತ್ತೆಂಟು ವರ್ಷ. ಆ ಡಬ್ಬಿಯನ್ನು ಒಂದು ದಿನವೂ ಮುಟ್ಟಿದವರಲ್ಲ. "ಯಾವ್ದು ಒತ್ತಬೇಕವ್ವಾ? ಇದೋ, ಮ್ಯಾಲಿಂದೋ?" ಅಂತ ಕೇಳಿದರು. ಹೇಳಿಕೊಟ್ಟೆ. ಒತ್ತಿದರು. ಇನ್ನೊಮ್ಮೆ ಒತ್ತಲು ಹೇಳಿ ಅಂದರು ನಿಮ್ಮ ಹುಡುಗ. ಇನ್ನೊಮ್ಮೆ ಒತ್ತಿದರು. "ಕೆಂಪು ದೀಪ ಹಂಗೇ ಅದವ್ವಾ, ನಾ ಏನರ ಕೆಡಿಸಿದ್ನೇನು?" ಅಂತ ಅವರು ಹೆದರಿ ಕೇಳಿದಾಗ ಹಿಂದೆ ಕುಳಿತವರು ನಕ್ಕರು. ನಿಮ್ಮ ಹುಡುಗನೂ ನಕ್ಕರು. ಆಮೇಲೆ ಕಂಪ್ಯೂಟರ್ ಪರದೆ ನನ್ನ ಕಡೆ ತಿರುಗಿಸಿ, "ಸಿಸ್ಟಮ್‌ನ್ಯಾಗ ಸರಿ ಆಗ್ಯದ ಅಂತ ತೋರಸ್ತದ ನೋಡ್ರಿ" ಅಂದರು. ನಾನು ಏಳಲಿಲ್ಲ. ಆಗ ಅಂದರು: "ಅಲ್ರೀ, ಹಳ್ಳಿಯಾಗ 100 ಎಂಬಿಪಿಎಸ್ ತಗೊಂಡು ಏನ್ ಮಾಡ್ತೀರಿ? ರೀಲ್ಸ್ ನೋಡಕ್ಕ ಮೊಬೈಲ್ ಸಾಲಂಗಿಲ್ಲೇನು?"

ಆ ಹೊತ್ತಲ್ಲಿ ನನ್ನ ತೊಡೆಯ ಮೇಲೆ 14 ರೈತರ ಬೆಳೆ ವಿಮೆ ಕಾಗದ ಇದ್ದವು. ಉತ್ತರ ಬಾಯಿಗೆ ಬರಲಿಲ್ಲ. ಗಂಟಲು ಕಟ್ಟಿತು. ಎದ್ದು ಬಂದೆ. ಅವತ್ತು ಹೇಳದ ಉತ್ತರ ಈಗ ಬರೆಯುತ್ತೇನೆ.

ಮುಂಗಾರಿನ ವಿಮೆಗೆ ಕೊನೆಯ ದಿನ ಜುಲೈ 31. ತೊಗರಿಗೆ ರೈತ ಕಟ್ಟುವುದು ವಿಮೆ ಮೊತ್ತದ 2 ಪರ್ಸೆಂಟ್ ಮಾತ್ರ. ಮಳೆ ಕೈಕೊಟ್ಟ ವರ್ಷ ಅಷ್ಟರಿಂದ ಒಂದು ಮನೆ ಉಳಿಯುತ್ತದೆ. ಆ ಎರಡು ರಾತ್ರಿ ನಾನು ಮಾಳಿಗೆ ಮೇಲೆ ಮೊಬೈಲ್ ಹಿಡಿದು ನಿಂತೆ. ಒಂದು ಪಹಣಿ ಅಪ್‌ಲೋಡ್ ಆಗಲು ಅರ್ಧ ತಾಸು. ಒಂಬತ್ತು ಜನರದ್ದು ಮುಗಿಯಿತು. ಮೂವರು ಕೂಲಿ ಬಿಟ್ಟು ಚಿಂಚೋಳಿಗೆ ಹೋಗಿ ಕಟ್ಟಿ ಬಂದರು. ಇಬ್ಬರದ್ದು ಉಳಿದೇ ಹೋಯಿತು. ಅದರಲ್ಲಿ ಒಬ್ಬರು ತಾಂಡಾದ ಹೆಣ್ಣುಮಗಳು, ಗಂಡ ಇಲ್ಲ, ಎರಡೂವರೆ ಎಕರೆ ತೊಗರಿ. ಆಕೆಗೆ ನಾನು ಏನು ಹೇಳಲಿ? ಹಳ್ಳಿಯಲ್ಲಿ ನೆಟ್ ಇದಕ್ಕೆ ಬೇಕು.

ಇದು ಸರಕಾರಕ್ಕೂ ಗೊತ್ತು. ಪಂಚಾಯಿತಿಗಳಿಗೆ ಫೈಬರ್ ಎಳೆಯುವ ಯೋಜನೆಗೆ 2011ರಲ್ಲೇ ಒಪ್ಪಿಗೆ ಸಿಕ್ಕಿತು, ಅದೇ ಈಗಿನ ಭಾರತ್‌ನೆಟ್. 2023ರಲ್ಲಿ ಅದಕ್ಕೆ ಮತ್ತೆ 1.39 ಲಕ್ಷ ಕೋಟಿ ರೂಪಾಯಿ ಒಪ್ಪಿದ್ದಾರೆ. ಅಷ್ಟು ದುಡ್ಡು ಹಾಕಿ ಪಂಚಾಯಿತಿ ಕಟ್ಟಡದ ತನಕ ಬಂದ ನೆಟ್ ಅಲ್ಲಿಂದ ಮನೆಗೆ ಬರುವ ದಾರಿಯಲ್ಲಿ ನಿಮ್ಮ ಕೈಯಲ್ಲಿ ನಿಂತಿದೆ. ಕನೆಕ್ಷನ್ ಕೊಡುವಾಗ ಇದೇ ಹಳ್ಳಿಗೆ ಮೈಕ್ ಕಟ್ಟಿಕೊಂಡು ಬಂದಿದ್ದಿರಿ. ಆಗ ನಾವು 100 ಎಂಬಿಪಿಎಸ್‌ಗೆ ತಕ್ಕವರಾಗಿದ್ದೆವು.

ಕೂದಲಿನಷ್ಟು ಸಣ್ಣ ಗಾಜಿನ ಎಳೆ ಅದು. ತುಂಡಾದರೆ ಬೆಳಕು ದಾಟುವುದಿಲ್ಲ. ಮನೆಯಲ್ಲಿ ಎಷ್ಟು ಗುಂಡಿ ಒತ್ತಿದರೂ ಕೂಡುವುದಿಲ್ಲ. ಜಾಯಿಂಟ್ ಹಾಕುವ ಮಷಿನ್ ಹಿಡಿದು ಒಬ್ಬರು ಬರಬೇಕು. ನಾನು ಕೇಳಿದ್ದು ಇಷ್ಟೇ.

ಈ ಪತ್ರ ಮುಟ್ಟಿದ ಏಳು ದಿನದೊಳಗೆ ಲೈನ್ ಸರಿಯಾಗಬೇಕು. ದೂರು ಜುಲೈ 11ರದ್ದು ಅಂತ ಬರೆದುಕೊಂಡು 19 ಮನೆಗಳಿಗೂ ಬಾಡಿಗೆ ಬಿಡಬೇಕು. ಇಲ್ಲದಿದ್ದರೆ ಏಳೂ ನಂಬರ್ ಹಚ್ಚಿ ನಿಮ್ಮ ಮೇಲ್ಮನವಿ ಪ್ರಾಧಿಕಾರಕ್ಕೆ ಹೋಗುತ್ತೇನೆ. 39 ದಿನದಲ್ಲಿ ಅವರು ತೀರ್ಮಾನ ಕೊಡಲೇಬೇಕು. ಜೊತೆಗೆ ಕಲಬುರಗಿಯ ಜಿಲ್ಲಾ ಗ್ರಾಹಕ ಆಯೋಗಕ್ಕೂ ಹೋಗುತ್ತೇವೆ. ಟೆಲಿಕಾಂ ದೂರು ಅಲ್ಲಿ ನಡೆಯುವುದಿಲ್ಲ ಅಂತ ನಿಮ್ಮ ವಕೀಲರು ಹೇಳುವ ಹಾಗಿಲ್ಲ. ನಡೆಯುತ್ತದೆ ಅಂತ ಸುಪ್ರೀಂ ಕೋರ್ಟ್ 2022ರಲ್ಲೇ ಹೇಳಿದೆ. ನಮ್ಮಂಥವರ ಸಣ್ಣ ಮೊತ್ತಕ್ಕೆ ಅಲ್ಲಿ ಫೀಸೂ ಇಲ್ಲ.

ಅದಕ್ಕೂ ಮೊದಲು 19 ಮೋಡೆಮ್‌ಗಳನ್ನು ಕಿತ್ತು ಟೆಂಪೊದಲ್ಲಿ ಹಾಕಿಕೊಂಡು ನಿಮ್ಮ ಎರಡನೇ ಕೌಂಟರ್‌ಗೆ ಬರುತ್ತೇವೆ. ವಿಮೆ ತಪ್ಪಿದ ಇಬ್ಬರೂ ಬರುತ್ತಾರೆ. ನಮ್ಮ ಅತ್ತೆಯೂ ಬರುತ್ತಾರೆ. ದೂರು ಬಗೆಹರಿದಿದೆ ಅಂತ ಆ ಹುಡುಗ ಅವರ ಮುಖ ನೋಡಿ ಹೇಳಲಿ.

ನಿಮ್ಮ ಗ್ರಾಹಕಿ,
ಚಿಂಚೋಳಿ ತಾಲ್ಲೂಕು, ಕಲಬುರಗಿ ಜಿಲ್ಲೆ