ಒಂದೇ ಬಿಪಿ, ಮೂರು ಸಲ ಬರೆಯೋದ್ಯಾಕೆ?

ಮಾನ್ಯ ಸಂಪಾದಕರೇ,

ಕಳೆದ ವಾರ ಅಮ್ಮನನ್ನು ಕರೆದುಕೊಂಡು ಮಂಗಳೂರಿನ ಒಂದು ಆಸ್ಪತ್ರೆಗೆ ಹೋಗಿದ್ದೆ. ಮಳೆಗಾಲ, ಜ್ವರದವರೇ ಜಾಸ್ತಿ. ಬೆಳಿಗ್ಗೆ ಎಂಟಕ್ಕೆ ಚೀಟಿ ಮಾಡಿಸಲು ಸಾಲಿನಲ್ಲಿ ನಿಂತ ನಮಗೆ ಡಾಕ್ಟರ ಮುಖ ಕಂಡಿದ್ದು ಹನ್ನೊಂದೂವರೆಗೆ. ಒಳಗೆ ನರ್ಸ್ ಒಬ್ಬರು ಅಮ್ಮನ ಬಿಪಿಯನ್ನು ಮೊದಲು ಚೀಟಿಯಲ್ಲಿ ಬರೆದರು. ಆಮೇಲೆ ದಪ್ಪ ರಿಜಿಸ್ಟರ್‌ನಲ್ಲಿ. ಮತ್ತೆ ಅದನ್ನೇ ಕಂಪ್ಯೂಟರಿಗೆ ಹಾಕಿದರು. ಪಾಪ, ಹಿಂದೆ ಅರವತ್ತು ಜನ ಕಾಯುತ್ತಿದ್ದರು. ಕಂಪ್ಯೂಟರ್ ಬಂದ ಮೇಲೆ ಕೆಲಸ ಕಮ್ಮಿ ಆಗಬೇಕಿತ್ತು, ಅಲ್ವಾ?

2021ರಲ್ಲಿ ದೇಶದಾದ್ಯಂತ ಶುರುವಾದ ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್‌ನಲ್ಲಿ ಇದಕ್ಕೊಂದು ದಾರಿ ಇದೆ. 14 ಅಂಕಿಯ ಆಭಾ ಸಂಖ್ಯೆ (ಆರೋಗ್ಯ ದಾಖಲೆಗೆಂದು ಕೊಡುವ ಗುರುತಿನ ಸಂಖ್ಯೆ) ಇದ್ದವರು ಆಸ್ಪತ್ರೆಯ ಕ್ಯುಆರ್ ಕೋಡ್ ಸ್ಕ್ಯಾನ್ ಮಾಡಿದರೆ ಹೆಸರು, ವಯಸ್ಸು ಎಲ್ಲ ನೇರ ಕೌಂಟರಿಗೆ ಹೋಗುತ್ತದೆ, ಟೋಕನ್ ಮೊಬೈಲಿಗೇ ಬರುತ್ತದೆ. ನಾವು ಹೋದಲ್ಲೂ ಆ ಕೋಡ್ ಗೋಡೆಯ ಮೇಲಿತ್ತು. ಅರ್ಧ ಮುಚ್ಚುವ ಹಾಗೆ ರಕ್ತದಾನದ ಪೋಸ್ಟರ್ ಅಂಟಿಸಿದ್ದರು!

ನಮ್ಮ ಊರಿಗೆ ಇದೇನು ಹೊಸತಲ್ಲ. ಮಲೇರಿಯಾ ಪ್ರಕರಣಗಳನ್ನು ಟ್ಯಾಬ್‌ನಲ್ಲಿ ದಾಖಲಿಸುವ ವ್ಯವಸ್ಥೆ 2015ರಲ್ಲೇ ಮಂಗಳೂರಿಗೆ ಬಂದಿತ್ತು.

ಹೊಸ ಯಂತ್ರ ಆಮೇಲೆ ತರಲಿ, ಮೊದಲು ಆ ರಿಜಿಸ್ಟರ್ ಮುಚ್ಚಲಿ. ಸ್ಮಾರ್ಟ್‌ಫೋನ್ ಇಲ್ಲದ ಅಜ್ಜ-ಅಜ್ಜಿಯರಿಗೆ ಹಳೇ ಕೌಂಟರ್ ಒಂದು ಇರಲೇಬೇಕು. ಕೋಡ್ ಪಕ್ಕದಲ್ಲಿ ತುಳು, ಬ್ಯಾರಿ ಬಲ್ಲ ಒಬ್ಬರನ್ನು ಬೆಳಗಿನ ಎರಡು ಗಂಟೆ ನಿಲ್ಲಿಸಿದರೂ ಸಾಲು ಎಷ್ಟೋ ಕರಗುತ್ತದೆ.

– ಒಬ್ಬ ಓದುಗ, ಬಿಜೈ, ಮಂಗಳೂರು