ದೊಡ್ಡ ಹೀಟರ್ ಬೇಡ, ಹೊಗೆಯ ದಾರಿ ನೋಡಿ

ಮಾನ್ಯ ಸಂಪಾದಕರೇ,

ಚಳಿಗಾಲದಲ್ಲೂ ಸಣ್ಣ ಹಾಯಿದೋಣಿ ಬಳಸುವ ಬಗ್ಗೆ ನಿಮ್ಮ ಪುರವಣಿಯಲ್ಲಿ ಬಂದ ಲೇಖನ ಚೆನ್ನಾಗಿತ್ತು. ಆದರೆ ಕ್ಯಾಬಿನ್ ಹೀಟರ್ ವಿಷಯವನ್ನು ‘ಕೈಗೆಟುಕುವಷ್ಟು ದೊಡ್ಡದು ತಗೊಳ್ಳಿ’ ಅಂತ ಒಂದೇ ಸಾಲಿನಲ್ಲಿ ಮುಗಿಸಿಬಿಟ್ಟಿದ್ದಾರೆ. ದೋಣಿಗಳ ಎಂಜಿನ್, ವೈರಿಂಗ್ ಕೆಲಸ ಮಾಡಿಕೊಂಡಿರುವ ನನಗೆ ಅದನ್ನು ಓದಿ ಸುಮ್ನೆ ಇರಲು ಆಗಲಿಲ್ಲ. ರಿಪೇರಿಗೆ ಅಂತ ನನ್ನ ಹತ್ತಿರ ಬರುವವರಲ್ಲಿ ದೊಡ್ಡ ಹೀಟರ್ ಹಾಕಿಸಿಕೊಂಡವರೇ ಜಾಸ್ತಿ.

25 ಅಡಿ ದೋಣಿಯ ಕ್ಯಾಬಿನ್ ಎಷ್ಟಿರುತ್ತದೆ? ಇಬ್ಬರು ಕಾಲು ಚಾಚಿದರೆ ಮುಗಿಯಿತು. ಅದಕ್ಕೆ 2 ಕಿಲೋವ್ಯಾಟ್ ಧಾರಾಳ. 5 ಕಿಲೋವ್ಯಾಟಿನ ಡೀಸೆಲ್ ಹೀಟರ್ ಹಾಕಿದರೆ ಸ್ವಲ್ಪ ಹೊತ್ತಿಗೇ ಸೆಕೆಯಾಗಿ, ಆಮೇಲೆ ರಾತ್ರಿಯಿಡೀ ಸಣ್ಣ ಉರಿಯಲ್ಲಿ ಓಡಿಸುತ್ತಾರೆ. ಸಣ್ಣ ಉರಿಯಲ್ಲಿ ಡೀಸೆಲ್ ಸರಿಯಾಗಿ ಸುಡದೆ ಒಳಗೆ ಮಸಿ ಕಟ್ಟುತ್ತದೆ. ಅಂಥ ಹೀಟರ್ ಬಿಚ್ಚಿ ನೋಡಬೇಕು ನೀವು. ಡೀಸೆಲ್ ಹೊತ್ತಿಸುವ ಗ್ಲೋ ಪ್ಲಗ್ ಸುತ್ತ ಒಂದು ಸಣ್ಣ ಜಾಲರಿ ಇರುತ್ತದೆ. ಅದರ ಒಂದು ಕಣ್ಣೂ ಕಾಣುವುದಿಲ್ಲ, ಪೂರ್ತಿ ಕರಿ ಹಕ್ಕಳೆ. ಸ್ಕ್ರೂಡ್ರೈವರ್ ತುದಿಯಿಂದ ಕೆರೆದರೆ ಬಿಲ್ಲೆ ಬಿಲ್ಲೆಯಾಗಿ ಉದುರುತ್ತದೆ. ‘ಕಂಪನಿಯೇ ಸರಿಯಿಲ್ಲ’ ಅಂತ ಮಾಲೀಕರು ಬೈಯುತ್ತಾರೆ. ಪಾಪ, ಹೀಟರ್‌ಗೆ ಕೈತುಂಬ ಕೆಲಸ ಇರಲಿಲ್ಲ, ಅಷ್ಟೇ. ಇನ್ನು ಪೆಟ್ಟಿಗೆ ಮೇಲೆ 8 ಕಿಲೋವ್ಯಾಟ್ ಅಂತ ಅಚ್ಚು ಹಾಕಿದ ಅಗ್ಗದ ಹೀಟರ್‌ಗಳಲ್ಲಿ ಎಷ್ಟೋ ಒಳಗೆ 5 ಕಿಲೋವ್ಯಾಟಿನವೇ ಆಗಿರುತ್ತವೆ. ಆ ಸಂಖ್ಯೆ ನೋಡಿ ಕೊಳ್ಳಬೇಡಿ.

ನಾನು ಗಿರಾಕಿಗಳನ್ನು ಮೊದಲು ಕೇಳುವುದು ಕಿಲೋವ್ಯಾಟ್ ಅಲ್ಲ. ಉರಿಗೆ ಗಾಳಿ ಎಲ್ಲಿಂದ ಬರುತ್ತದೆ, ಹೊಗೆ ಎಲ್ಲಿಂದ ಹೊರಗೆ ಹೋಗುತ್ತದೆ? ಇದಕ್ಕೆ ಉತ್ತರ ಇಲ್ಲದ ಹೀಟರ್ ದೋಣಿಗೆ ಬೇಡ. ಚಿಮಣಿ ಇಲ್ಲದ ಸ್ಪಿರಿಟ್ ಹೀಟರ್‌ನಲ್ಲಿ 1 ಲೀಟರ್ ಸ್ಪಿರಿಟ್ ಉರಿದರೆ ಸುಮಾರು 900 ಮಿಲಿ ಲೀಟರ್ ನೀರು ಆವಿಯಾಗಿ ಕ್ಯಾಬಿನ್ನಿಗೇ ಸೇರುತ್ತದೆ. ಗ್ಯಾಸ್ ಒಲೆ ಹಚ್ಚಿಟ್ಟು ಮೈ ಕಾಯಿಸಿಕೊಳ್ಳುವವರೂ ಇದ್ದಾರೆ. 1 ಕೆಜಿ ಪ್ರೊಪೇನ್‌ನಿಂದ 1.6 ಕೆಜಿ ನೀರು! ಬೆಳಿಗ್ಗೆ ಎದ್ದಾಗ ಹ್ಯಾಚ್ (ಡೆಕ್ ಮೇಲಿನ ಮುಚ್ಚಳ) ಚೌಕಟ್ಟಿನ ಒಂದೊಂದು ಸ್ಕ್ರೂ ತಲೆಯಲ್ಲೂ ಹನಿ ತೂಗುತ್ತಿರುತ್ತದೆ, ಹಾಸಿಗೆಯ ಅಡಿ ತೊಯ್ದಿರುತ್ತದೆ. ಮಾಲೀಕರು ಡೆಕ್ ಸೋರುತ್ತಿದೆ ಅಂತ ನನ್ನನ್ನು ಕರೆಸುತ್ತಾರೆ.

ನೀರಾದರೂ ಕಣ್ಣಿಗೆ ಕಾಣುತ್ತದೆ. ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲ ಕಾಣುವುದೂ ಇಲ್ಲ, ವಾಸನೆಯೂ ಬರುವುದಿಲ್ಲ. ರಕ್ತದ ಹಿಮೋಗ್ಲೋಬಿನ್‌ಗೆ ಅದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಅಂಟಿಕೊಳ್ಳುತ್ತದೆ. ಹೊಗೆ ಕೊಳವೆ ಇರುವ ಹೀಟರ್ ಹಾಕಿದರೂ ಎಡವಟ್ಟು ಆಗಬಹುದು. ಒಂದು ದೋಣಿಯಲ್ಲಿ ಹೀಟರನ್ನು ಹಿಂದಿನ ಲಾಕರಿನಲ್ಲಿ, ಅಂದರೆ ಸಾಮಾನು ಇಡುವ ಗೂಡಿನಲ್ಲಿ ಕೂರಿಸಿದ್ದರು. ಕ್ಯಾಬಿನ್ನಿಗೆ ಬಿಸಿ ಮಾಡಿ ಕಳಿಸುವ ಗಾಳಿಯನ್ನೂ ಅದೇ ಲಾಕರಿನಿಂದ ಎಳೆಯುತ್ತಿತ್ತು. ಹೊಗೆ ಕೊಳವೆಯ ಜಾಯಿಂಟ್ ಸಡಿಲವಾಗಿ ಪಕ್ಕದ ಹಲಗೆ ಮೇಲೆ ಬೂದು ಬಣ್ಣದ ಗೆರೆ ಬಿದ್ದಿತ್ತು. ಅಂದರೆ ಅಲ್ಲಿ ಸೋರಿದ್ದೆಲ್ಲ ಬಿಸಿಗಾಳಿಯ ಡಕ್ಟ್ ಹಿಡಿದು ನೇರ ಮಲಗುವ ಜಾಗಕ್ಕೆ! ಅಲಾರಂ ಕೂಗಿದ್ದಕ್ಕೆ ಉಳಿದರು. ಬಿಸಿ ಮಾಡುವ ಗಾಳಿಯನ್ನು ಕ್ಯಾಬಿನ್ನಿನಿಂದಲೋ ಹೊರಗಿನಿಂದಲೋ ತನ್ನಿ. ಹೊಗೆ ಕೊಳವೆ ಹಾಯುವ ಲಾಕರಿನಿಂದ, ಎಂಜಿನ್ ಜಾಗದಿಂದ ಬೇಡವೇ ಬೇಡ. ಹೊಗೆ ಕೊಳವೆ ಹೊರಗೆ ತೆರೆಯುವ ಮುಂಚೆ ಹಂಸದ ಕುತ್ತಿಗೆ ಹಾಗೆ ಮೇಲೆತ್ತಿ ಬಾಗಿಸಿರಬೇಕು, ಇಲ್ಲದಿದ್ದರೆ ದೋಣಿ ವಾಲಿದಾಗ ಅಲೆ ನೀರು ಹೀಟರ್ ಒಳಗೇ ನುಗ್ಗುತ್ತದೆ.

ಕರೆಂಟಿನ ಲೆಕ್ಕವನ್ನೂ ಲೇಖನ ಬಿಟ್ಟಿದೆ. 1 ಕಿಲೋವ್ಯಾಟ್ ವಿದ್ಯುತ್ ಹೀಟರ್ 12 ವೋಲ್ಟ್ ಬ್ಯಾಟರಿಯಿಂದ 80 ಆಂಪಿಯರ್‌ಗೂ ಮೇಲೆ ಎಳೆಯುತ್ತದೆ, ದಡದ ಪ್ಲಗ್ ಇಲ್ಲದಿದ್ದರೆ ಅದನ್ನು ಮರೆತುಬಿಡಿ. ಎಬರ್‌ಸ್ಪೇಕರ್, ವೆಬಾಸ್ಟೋ ತರಹದ 2 ಕಿಲೋವ್ಯಾಟಿನ ಡೀಸೆಲ್ ಹೀಟರ್‌ಗಳು ಹೊತ್ತಿಕೊಳ್ಳುವಾಗ 8–10 ಆಂಪಿಯರ್ ಕೇಳಿದರೂ ಆಮೇಲೆ ಒಂದೆರಡು ಆಂಪಿಯರ್‌ನಲ್ಲಿ ಓಡುತ್ತವೆ. ಪೂರ್ತಿ ಉರಿಯಲ್ಲೂ ಗಂಟೆಗೆ ಕಾಲು ಲೀಟರ್ ಆಸುಪಾಸಿನ ಡೀಸೆಲ್ ಸಾಕು. ಆಫ್ ಮಾಡಿದ ಮೇಲೂ ಫ್ಯಾನ್ ಸ್ವಲ್ಪ ಹೊತ್ತು ತಿರುಗಿ ಒಳಗನ್ನು ತಣಿಸುತ್ತದೆ. ಅದು ನಿಲ್ಲುವ ಮುಂಚೆ ಮೇನ್ ಸ್ವಿಚ್ ತೆಗೆಯಬೇಡಿ.

ಕರೆಂಟೇ ಬೇಡ ಅನ್ನುವವರಿಗೆ ರಿಫ್ಲೆಕ್ಸ್, ಡಿಕಿನ್ಸನ್ ತರಹದ ಡೀಸೆಲ್ ಒಲೆಗಳಿವೆ. ಎಣ್ಣೆ ತೊಟ್ಟು ತೊಟ್ಟಾಗಿ ಇಳಿದು ಉರಿಯುತ್ತದೆ, ಸದ್ದೇ ಇಲ್ಲ. ಲಂಗರು ಹಾಕಿ ದಿನಗಟ್ಟಲೆ ಉಳಿಯುವವರಿಗೆ ನಾನು ಇದನ್ನೇ ಹೇಳುವುದು. ಆದರೆ ಹಾಯಿ ಏರಿಸಿ ಹೊರಟರೆ ಕಷ್ಟ. ದೊಡ್ಡ ಹಾಯಿಯಿಂದ ಕೆಳಗಿಳಿಯುವ ಗಾಳಿ ಚಿಮಣಿ ಬಾಯಿಗೇ ಬಡಿದು ಹೊಗೆಯನ್ನು ಒಳಗೆ ತಳ್ಳುತ್ತದೆ. ಸಣ್ಣ ದೋಣಿಯಲ್ಲಿ ಉದ್ದದ ಚಿಮಣಿ ನಿಲ್ಲಿಸಲು ಜಾಗವಾದರೂ ಎಲ್ಲಿದೆ, ಅಲ್ವಾ? ಸಾಮಾನ್ಯವಾಗಿ ಈ ಒಲೆ ಕ್ಯಾಬಿನ್ನಿನ ಗಾಳಿಯನ್ನೇ ಉರಿಗೆ ಬಳಸುವುದರಿಂದ, ಎಷ್ಟೇ ಚಳಿಯಿದ್ದರೂ ಒಂದು ಗಾಳಿಕಿಂಡಿ ತೆರೆದಿರಲೇಬೇಕು.

ಲೇಖಕರು ಮುಂದಿನ ಕಂತು ಬರೆಯುವುದಾದರೆ ಹೀಟರಿನ ಅಳತೆಗಿಂತ ಮುಂಚೆ ಅಲಾರಂ ಬಗ್ಗೆ ಬರೆಯಲಿ. ದೋಣಿ, ಕ್ಯಾರವಾನ್‌ಗಳಿಗೆ ಅಂತಲೇ ಮಾಡಿದ ಕಾರ್ಬನ್ ಮಾನಾಕ್ಸೈಡ್ ಅಲಾರಂ ಮೇಲೆ ಇಎನ್ 50291-2 ಎಂಬ ಯುರೋಪಿನ ಮಾನದಂಡದ ಗುರುತು ಇರುತ್ತದೆ. ಮನೆಗೆ ಅಂತ ತಂದಿದ್ದನ್ನೇ ದೋಣಿಗೆ ಸಿಕ್ಕಿಸುವವರು ಬಹಳ. ಮಲಗುವ ಜಾಗದ ಹತ್ತಿರ ತಲೆಯ ಮಟ್ಟದಲ್ಲಿ ಆ ಗುರುತಿನ ಅಲಾರಂ ಹಾಕಿಸಿಕೊಳ್ಳಿ ಅಂತ ಒಂದು ಸಾಲು ಸೇರಿಸಿದರೂ ಸಾಕು.

ಇಂತಿ,
ಒಬ್ಬ ದೋಣಿ ಮೆಕ್ಯಾನಿಕ್